ಫಿನ್ಲೆಂಡಿನಲ್ಲಿ ಪಂಚನಹಳ್ಳಿಯ ಪಾಳಿ

ಕಾರು ನಿಲ್ಲಿಸುವ ಅಂಗಳ

ಫಿನ್ಲೆಂಡಿಗೆ ಕಾಲಿಟ್ಟ ಮೊದಲ ದಿನವೇ ನಾನು ಯಾರದೋ ಕರೆಂಟು ಕಿತ್ತೆ.

ಬೇಕೆಂದು ಮಾಡಿದ್ದಲ್ಲ. ಎರಡು ವಿಮಾನ, ಒಂದು ರೈಲು ಇಳಿದು, ತಾಂಪೆರೆ ಎಂಬ ಊರಿನಲ್ಲಿ ನಮಗೆ ಗೊತ್ತು ಮಾಡಿದ್ದ ವಸತಿ ಕಟ್ಟಡದ ಮುಂದೆ ಪೆಟ್ಟಿಗೆ ಎಳೆದುಕೊಂಡು ಬರುತ್ತಿದ್ದೆ. ನಮ್ಮ ಕಡೆ ಸಂಜೆಯ ಕಾಫಿಗೆ ಇನ್ನೂ ಹಾಲು ಕಾಯಿಸದ ಹೊತ್ತು. ಅಲ್ಲಿ ಆಗಲೇ ಕಗ್ಗತ್ತಲು. ಡಿಸೆಂಬರಿನಲ್ಲಿ ಸೂರ್ಯ ಹಾಜರಿ ಹಾಕಿ ಎದ್ದುಹೋಗುವ ಗುಮಾಸ್ತನ ಹಾಗೆ ಬಂದು ಹೋಗುತ್ತಾನೆ ಆ ದೇಶದಲ್ಲಿ. ಅಂಗಳದ ತುಂಬ ಸಾಲಾಗಿ ಕಾರುಗಳು. ಪ್ರತಿ ಕಾರಿನ ಮುಂದೂ ಸೊಂಟದೆತ್ತರದ ಒಂದು ಕಂಬ, ಅದರ ತಲೆಯ ಮೇಲೆ ಥೇಟ್ ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರಿನಂಥದೇ ಡಬ್ಬಿ. ಒಂದು ಡಬ್ಬಿಯಿಂದ ಕಪ್ಪು ವೈರು ಇಳಿದು, ಹಿಮದ ಮೇಲೆ ಹರಿದು, ಕಾರಿನ ಮೂತಿಯೊಳಗೆ ನುಗ್ಗಿತ್ತು.

ಯಾರೋ ಕೊಕ್ಕೆ ಹಾಕಿದ್ದಾರೆ ಅಂದುಕೊಂಡೆ. ನಾನು ವಿದ್ಯುತ್ ಕಚೇರಿಯ ಕೆಲಸ ಕಲಿತದ್ದು ಕಡೂರಿನಲ್ಲಿ. ಮದುವೆ ಚಪ್ಪರಕ್ಕೆ, ಹಿಟ್ಟಿನ ಗಿರಣಿಗೆ, ಇಟ್ಟಿಗೆ ಗೂಡಿಗೆ ಕಂಬದಿಂದ ಕೊಕ್ಕೆ ಹಾಕಿ ಕರೆಂಟು ಎಳೆಯುವವರನ್ನು ಹಿಡಿದು ಹಿಡಿದು ನನ್ನ ಕೈಗೆ ಅದೇ ಅಭ್ಯಾಸವಾಗಿಬಿಟ್ಟಿದೆ. ನೆಲದ ಮೇಲೆ ವೈರು, ಸುತ್ತ ಒದ್ದೆ, ಯಾರಾದರೂ ತುಳಿದರೆ ಗತಿಯೇನು? ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋಗಿ ಪ್ಲಗ್ಗು ಎಳೆದುಬಿಟ್ಟೆ.

ಹಿಂದೆ ಬರುತ್ತಿದ್ದ ನಮ್ಮ ಚೀಫ್ ಎಂಜಿನಿಯರ್ ಶಿವಮೂರ್ತಪ್ಪನವರು ಮಂಕಿಕ್ಯಾಪಿನೊಳಗಿಂದಲೇ ಶಭಾಷ್ ಎಂದರು. “ಒಳ್ಳೇ ಕೆಲ್ಸ ಮಾಡಿದ್ರಿ ವನಜಾಕ್ಷಿ. ಇಲ್ಲೂ ಬಿಡಲ್ವಲ್ರೀ ಜನ!” ತರೀಕೆರೆಯವರು ಅವರು. ನಿವೃತ್ತಿಗೆ ಕೆಲವೇ ತಿಂಗಳಿತ್ತು. ಟೋಪಿಯನ್ನೂ ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ತಂದಿದ್ದರು.

ಬೆಳಿಗ್ಗೆ ಇಳಿದು ಬಂದರೆ ಅದೇ ಕಾರಿನ ಒಳಗೆ ಒಬ್ಬ ನರೆಗೂದಲ ಹೆಂಗಸು ಕೀಲಿ ತಿರುಗಿಸುತ್ತಿದ್ದರು. ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಅವರೇ ಐನೋ, ನಮ್ಮನ್ನು ಕರೆಸಿಕೊಂಡ ಅಧ್ಯಯನ ಸಂಸ್ಥೆಯ ಮುಖ್ಯಸ್ಥೆ. ಅದೇ ಕಟ್ಟಡದಲ್ಲಿ ಅವರ ಮನೆ. ನಮ್ಮನ್ನು ಸಭೆಗೆ ಕರೆದೊಯ್ಯಲೆಂದೇ ಕಾರು ಹತ್ತಿದ್ದರು. ಆ ಚಳಿಗೆ ಎಂಜಿನ್ನು ಕಲ್ಲಾಗುತ್ತದಂತೆ. ಹೊರಡುವ ಮುಂಚೆ ತಾನೇ ಬಿಸಿಯಾಗುವ ಹಾಗೆ ಆ ಡಬ್ಬಿಯ ಗಡಿಯಾರಕ್ಕೆ ಹೊತ್ತು ಹೇಳಿ ಮಲಗುತ್ತಾರಂತೆ. ಕೊಕ್ಕೆಯಲ್ಲ, ಅವರು ಬಾಡಿಗೆ ಕಟ್ಟಿ ಪಡೆದ ಕರೆಂಟು.

ನಾವು ಬಸ್ಸಿನಲ್ಲಿ ಹೋದೆವು. ಮೂರನೇ ಸ್ಟಾಪು ಬರುವವರೆಗೂ ಬಾಯಿಬಿಡದೆ ಕುಳಿತಿದ್ದೆ. ಆಮೇಲೆ ತಡೆಯಲಾರದೆ, ಪ್ಲಗ್ಗು ಕಿತ್ತವಳು ನಾನೇ ಎಂದೆ. ಐನೋ ನನ್ನನ್ನು ನೋಡಿದರು. “ಹ್ಮ್” ಎಂದರು. ಮತ್ತೆ ಕಿಟಕಿಯ ಆಚೆ ನೋಡತೊಡಗಿದರು. ನಮ್ಮಲ್ಲಾಗಿದ್ದರೆ ಇಷ್ಟಕ್ಕೆ ಬಸ್ಸೆಲ್ಲ ಸೇರಿ ಪಂಚಾಯಿತಿ ಮಾಡಿ, ಕೊನೆಗೆ ಇಬ್ಬರಿಗೂ ಟೀ ಕುಡಿಸಿ ಕಳಿಸುತ್ತಿದ್ದರು. ಆ “ಹ್ಮ್” ಕೋಪವೋ ಕ್ಷಮೆಯೋ ಎಂದು ಇಡೀ ದಿನ ತಲೆ ಕೆಡಿಸಿಕೊಂಡೆ.

ಸಭೆಯ ಕೋಣೆ

ನಾವು ಅಷ್ಟು ದೂರ ಹೋದದ್ದು ಅಣು ವಿದ್ಯುತ್ತಿನ ಲೆಕ್ಕಕ್ಕೆ. ನಮ್ಮಂಥ ದೇಶಗಳಿಗೆ ಮುಂದಿನ ಅರವತ್ತು ವರ್ಷಕ್ಕೆ ಎಷ್ಟು ಕರೆಂಟು ಬೇಕು, ಅದಕ್ಕೆ ಹೊಸ ನಮೂನೆಯ ಸಣ್ಣ ರಿಯಾಕ್ಟರುಗಳನ್ನು ಹೇಗೆ ಕಟ್ಟಬೇಕು ಎಂದು ಐನೋರ ತಂಡ ಯೋಜನೆ ಮಾಡುತ್ತಿತ್ತು. ಮಾದರಿಗೆಂದು ಅವರು ಆರಿಸಿಕೊಂಡದ್ದು ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳನ್ನು. ಬಯಲು ಸೀಮೆಯ ಬೋರ್‌ವೆಲ್ಲು, ಮಂಡಿ ಇರುವ ಊರು, ಹೆಬ್ಬೆ ಜಲಪಾತದ ಕಡೆಯ ಗುಡ್ಡ, ಎಲ್ಲವೂ ಒಂದೇ ಕಡೆ ಸಿಗುತ್ತವಲ್ಲ, ಅದಕ್ಕೆ. ಅಲ್ಲೇ ರಿಯಾಕ್ಟರ್ ಕಟ್ಟುತ್ತಾರೆಂದು ಓದುಗರು ಗಾಬರಿಯಾಗಬೇಡಿ. ಅನ್ನ ಬೆಂದಿದೆಯೇ ಎಂದು ನೋಡಲು ಅಗುಳು ಹಿಸುಕುತ್ತೇವಲ್ಲ, ಅಷ್ಟೇ ಅದು.

ಲೆಕ್ಕವೆಲ್ಲ ಮಾಡಿ ಕಳಿಸಿದ್ದ ನಮ್ಮ ಕಿರಿಯ ಎಂಜಿನಿಯರ್ ಹೆರಿಗೆ ರಜೆಯಲ್ಲಿದ್ದಳು. ಶಿವಮೂರ್ತಪ್ಪನವರದು ಬಿಟ್ಟರೆ ಕಚೇರಿಯಲ್ಲಿ ಪಾಸ್‌ಪೋರ್ಟು ಚಾಲ್ತಿಯಲ್ಲಿದ್ದದ್ದು ನನ್ನದೊಂದೇ. ಹೀಗೆ ಮಂಡಿನೋವಿನ, ನಿದ್ದೆಗೆಟ್ಟ, ಅಜ್ಜಂಪುರದಲ್ಲಿ ಹುಟ್ಟಿದ ನಾನು ಅಣುಶಕ್ತಿಯ ಸಭೆಯಲ್ಲಿ ದೇಶದ ಪರವಾಗಿ ಕುಳಿತೆ.

ಐನೋ ಗೋಡೆಯ ಮೇಲೆ ನಮ್ಮ ಮೂರು ತಾಲ್ಲೂಕಿನ ಕರೆಂಟಿನ ಗೆರೆಯನ್ನು ಮೂಡಿಸಿದರು. ಯಾವ ಹೊತ್ತಿನಲ್ಲಿ ಎಷ್ಟು ಕರೆಂಟು ಹೋಗಿದೆ ಎಂಬುದರ ಚಿತ್ರ ಅದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸಣ್ಣದೊಂದು ದಿಬ್ಬ. ಹೆಬ್ಬೆಯ ಕಡೆಯ ಹೋಂಸ್ಟೇಗಳ ಗೀಜರಿನದು ಬೆಳಿಗ್ಗೆ ಇನ್ನೊಂದು ದಿಬ್ಬ. ಅವೆರಡನ್ನೂ ಮೀರಿಸಿ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ದೊಡ್ಡದೊಂದು ಗುಡ್ಡ, ನೆಟ್ಟಗೆ ಎದ್ದು ನೆಟ್ಟಗೆ ಇಳಿಯುವಂಥದ್ದು.

“ನಿಮ್ಮ ಜನ ರಾತ್ರಿ ಕೆಲಸ ಮಾಡುವುದನ್ನು ಇಷ್ಟಪಡುತ್ತಾರೆ” ಎಂದರು ಐನೋ. “ಬಿಸಿಲಿನ ದೇಶ, ಸಹಜವೇ. ಅಣುಸ್ಥಾವರಕ್ಕೆ ಇಂಥ ಗಿರಾಕಿ ಸಿಗುವುದು ಅಪರೂಪ.”

ಅವರು ಸಂತೋಷಪಟ್ಟದ್ದಕ್ಕೆ ಕಾರಣವಿತ್ತು. ರಿಯಾಕ್ಟರು ನಮ್ಮ ಒಲೆಯ ಹಾಗಲ್ಲ. ಒಮ್ಮೆ ಹೊತ್ತಿಸಿದರೆ ಹಗಲೂ ರಾತ್ರಿಯೂ ಒಂದೇ ಸಮ ಉರಿಯುತ್ತಿದ್ದರೇ ಅದಕ್ಕೆ ಕ್ಷೇಮ. ಎಲ್ಲ ಕಡೆಯೂ ರಾತ್ರಿಯ ಕರೆಂಟನ್ನು ಯಾರಿಗೆ ಮಾರುವುದು ಎಂಬುದೇ ತಾಪತ್ರಯ. ಅದಕ್ಕಾಗಿ ಹೊಸ ನಮೂನೆಯ ರಿಯಾಕ್ಟರಿನ ಪಕ್ಕದಲ್ಲಿ ಕರಗಿಸಿದ ಉಪ್ಪಿನ ಒಂದು ದೊಡ್ಡ ತೊಟ್ಟಿ ಕಟ್ಟುತ್ತಾರೆ. ರಾತ್ರಿಯ ಕಾವನ್ನು ಆ ಬಿಸಿ ಉಪ್ಪಿನಲ್ಲಿ ಹಿಡಿದಿಟ್ಟು ಹಗಲು ಕರೆಂಟು ಮಾಡಿಕೊಳ್ಳಬಹುದು. ತೊಟ್ಟಿಗೆ ಖರ್ಚು ಬಹಳ. ನಮ್ಮ ಜನಕ್ಕೆ ರಾತ್ರಿಯೇ ಕರೆಂಟು ಬೇಕೆಂದಾದರೆ ತೊಟ್ಟಿ ಯಾಕೆ? ಐನೋ ಕೆಂಪು ಪೆನ್ನಿನಿಂದ ಪಕ್ಕದ ಹಲಗೆಯ ಮೇಲಿದ್ದ ಸ್ಥಾವರದ ನಕ್ಷೆಯಲ್ಲಿ ತೊಟ್ಟಿಗೆ ಅಡ್ಡಗೆರೆ ಎಳೆದರು. ಯೋಜನೆ ಹಗುರಾಯಿತು. ಎಲ್ಲರೂ ಮೇಜು ತಟ್ಟಿದರು.

ನಾನು ತಟ್ಟಲಿಲ್ಲ. ಆ ಗುಡ್ಡ ನನಗೆ ಚೆನ್ನಾಗಿ ಗೊತ್ತು. ನಮ್ಮ ಕಡೆ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ಕೊಡುವುದು ಪಾಳಿಯ ಮೇಲೆ. ಒಂದು ವಾರ ಹಗಲು, ಒಂದು ವಾರ ರಾತ್ರಿ, ಕೆಲವು ಕಡೆ ರಾತ್ರಿಯೇ ಜಾಸ್ತಿ. ಕರೆಂಟು ಯಾವಾಗ ಬಂದರೂ ಮೋಟರು ತಾನೇ ಹೊರಡಲಿ ಎಂದು ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ನಾವು ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ಚು ಒತ್ತಿದ ಕ್ಷಣವೇ ಆ ಸಾಲಿನ ಬೋರ್‌ವೆಲ್ಲುಗಳೆಲ್ಲ ಒಟ್ಟಿಗೆ ಗುರ್ರೆನ್ನುತ್ತವೆ. ಗುಡ್ಡ ಎದ್ದದ್ದು ಜನ ರಾತ್ರಿ ಕೇಳಿದ್ದಕ್ಕಲ್ಲ, ನಾವು ರಾತ್ರಿ ಕೊಟ್ಟದ್ದಕ್ಕೆ.

ನಾನು ಬಾಯಿ ತೆರೆಯುವುದರೊಳಗೆ ಮೇಜಿನ ಕೆಳಗೆ ಶಿವಮೂರ್ತಪ್ಪನವರ ಬೂಟು ನನ್ನ ಕಾಲನ್ನು ಮುಟ್ಟಿತು. “ಸುಮ್ನಿರಮ್ಮ” ಎಂದು ಕನ್ನಡದಲ್ಲೇ ಪಿಸುಗುಟ್ಟಿದರು. ಶುಕ್ರವಾರ ನಾವಿಬ್ಬರೂ ಆ ಗೆರೆಗೆ ಒಪ್ಪಿಗೆಯ ಸಹಿ ಹಾಕಬೇಕಿತ್ತು.

ಅಡುಗೆಮನೆ

ಶಿವಮೂರ್ತಪ್ಪನವರು ಕೆಟ್ಟವರಲ್ಲ. ಮುದ್ದೆಯಿಲ್ಲದೆ ಎರಡು ದಿನ ಇರಲಾರದ ಪಾಪದ ಮನುಷ್ಯ. ಅಂದು ಸಂಜೆ ಅಂಗಡಿಯಿಂದ ಕಂದು ಬಣ್ಣದ ಹಿಟ್ಟಿನ ಪೊಟ್ಟಣ ಹಿಡಿದು ಗೆದ್ದವರ ಹಾಗೆ ಬಂದರು. “ರಾಗಿ ಸಿಕ್ತು ಕಣ್ರೀ ಇಲ್ಲಿ!” ಅದು ರಾಗಿಯಲ್ಲ, ಅಲ್ಲಿಯವರು ಕಪ್ಪು ಬ್ರೆಡ್ಡು ಮಾಡುವ ರೈ ಎಂಬ ಕಾಳಿನ ಹಿಟ್ಟು. ಎಸರಿಗೆ ಹಾಕಿ ತಿರುವಿದರೆ ಅಂಟಾಯಿತು. ಮತ್ತಷ್ಟು ಹಿಟ್ಟು ಹಾಕಿದರೆ ಮತ್ತಷ್ಟು ಅಂಟಾಯಿತು. ಮರದ ಸೌಟು ಪಾತ್ರೆಯ ನಡುವೆ ನೆಟ್ಟ ಕಂಬದಂತೆ ನಿಂತಿತು. ಕೊನೆಗೆ ಇಬ್ಬರೂ ಚಟ್ನಿಪುಡಿ ಸವರಿಕೊಂಡು ಬ್ರೆಡ್ಡು ತಿಂದೆವು.

“ಸಾರ್, ಆ ಗುಡ್ಡ ಪಾಳೀದು” ಎಂದೆ.

“ಗೊತ್ತು ಕಣ್ರೀ. ನಂಗೊತ್ತಿಲ್ವಾ? ಡೇಟಾದಲ್ಲಿ ಸುಳ್ಳೈತಾ?”

“ಸುಳ್ಳಿಲ್ಲ ಸಾರ್.”

“ಮತ್ತೆ? ಮೊದ್ಲು ರಿಯಾಕ್ಟರ್ ಬರ್ಲಿ. ಕರೆಂಟು ಜಾಸ್ತಿ ಆದ್ಮೇಲೆ ಹಗಲೇ ಕೊಡಾಣ.”

“ತೊಟ್ಟೀನೇ ತೆಗ್ದಾಕಿದ್ರಲ್ಲ ಸಾರ್. ಹಗಲಿಂದು ಪೇಟೆ, ಕಾರ್ಖಾನೆಗೇ ಹೋಗ್ತದೆ, ತೋಟಕ್ಕೆ ಹಗಲು ಎಲ್ಲಿಂದ ಕೊಡೋದು? ರಾತ್ರಿ ಗಿರಾಕಿ ಅಂತ ಬರ್ಕೊಟ್ಮೇಲೆ ರಾತ್ರಿನೇ ಮಾರ್ತಾರೆ. ಅರವತ್ತು ವರ್ಷ.”

ಹಗಲಿಗೆ ಸೋಲಾರ್ ಇದೆಯಲ್ಲ ಎಂದು ನೀವು ಕೇಳಬಹುದು. ಶಿವಮೂರ್ತಪ್ಪನವರೂ ಅದನ್ನೇ ಕೇಳಿದರು. ಇದೆ, ಬರಲಿ, ನನ್ನದೇನೂ ತಕರಾರಿಲ್ಲ. ಆದರೆ ನಮ್ಮ ಜನ ರಾತ್ರಿಯೇ ನೀರು ಹಾಯಿಸುವವರು ಎಂದು ಒಂದು ಕಡೆ ಸಹಿ ಬಿದ್ದಮೇಲೆ ಅವರಿಗೆಂದು ಹಗಲಿನ ಕರೆಂಟು ಯಾರು ಕಟ್ಟುತ್ತಾರೆ? ನನಗೂ ಸಾಕಾಗಿತ್ತು. ಸಹಿ ಹಾಕಿ ಮಲಗಿಬಿಡೋಣ ಎಂದು ನಿಜವಾಗಿ ಅನ್ನಿಸಿತ್ತು.

ಆಗಲೇ ನಮ್ಮಕ್ಕನ ಫೋನು ಬಂತು. ಗಿರಿಜಕ್ಕ ಪಂಚನಹಳ್ಳಿಯವಳು. ತೆಂಗಿನ ತೋಟ, ಒಂದು ಬೋರ್‌ವೆಲ್ಲು. ಭಾವನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜು. ಮಗ ಬೆಳಿಗ್ಗೆ ಬೇಗ ಗೂಡ್ಸ್ ಗಾಡಿ ಹೊರಡಿಸುತ್ತಾನೆ, ರಾತ್ರಿ ನಿದ್ದೆಗೆಟ್ಟರೆ ಸ್ಟೇರಿಂಗಿನ ಮುಂದೆ ತೂಕಡಿಸುತ್ತಾನೆ. ಹೀಗಾಗಿ ನೀರಿನ ಕೆಲಸ ಅಕ್ಕನದೇ. ಮೋಟರು ತಾನೇ ಹೊರಡುತ್ತದೆ, ನಿಜ. ಆದರೆ ಒಂದು ಸಾಲು ನೆನೆದ ಮೇಲೆ ವಾಲ್ವು ತಿರುಗಿಸಿ ಇನ್ನೊಂದು ಸಾಲಿಗೆ ಬಿಡಲು ಮನುಷ್ಯರೇ ಬೇಕು. ಹೋದ ವರ್ಷ ಹಾಗೆ ಕತ್ತಲಲ್ಲಿ ಪೈಪು ಎಡವಿ ಬಿದ್ದು ಅಕ್ಕನ ಬಲ ಮುಂಗೈ ಮುರಿದಿತ್ತು.

“ಏನೇ ವನಜಾ, ಅಲ್ಲಿ ಬಿಸ್ಲು ಹೆಂಗೈತೆ?”

“ಬಿಸಿಲೇ ಇಲ್ಲ ಕಣಕ್ಕ. ಮೂರು ಗಂಟೆಗೆಲ್ಲ ಕತ್ತಲೆ.”

“ಅಯ್ಯೋ ಶಿವನೇ. ಮತ್ತೆ ತೋಟಕ್ಕೆ ನೀರು ಯಾವಾಗ ಬಿಡ್ತಾರೆ?”

ನಕ್ಕುಬಿಟ್ಟೆ. ಕೈ ಹೇಗಿದೆ ಎಂದು ಕೇಳಿದೆ.

“ಚಳೀಗೆ ಒಂಚೂರು ಹಿಡ್ಕಳ್ತದೆ. ವಾಲು ತಿರುಗ್ಸಕ್ಕೆ ಎಡಗೈ ಐತಲ್ಲ. ಈ ವಾರ ನಂಗೆ ರಾತ್ರಿ ಪಾಳಿ ಕಣೇ. ಉಂಡು ಒಸಿ ಮಲಗ್ತೀನಿ, ಫೋನ್ ಇಡು.”

ಶಿವಮೂರ್ತಪ್ಪನವರು ಪಾತ್ರೆಯಿಂದ ಸೌಟು ಕೀಳಲು ಒದ್ದಾಡುತ್ತಿದ್ದರು. ನಾನು ಹೋಗಿ ಪಾತ್ರೆ ಹಿಡಿದುಕೊಂಡೆ.

ಬಿಸಿಕೋಣೆ

ಗುರುವಾರ ಸಂಜೆ ಐನೋ ನಮ್ಮ ಬಾಗಿಲು ತಟ್ಟಿದರು. ಅಲ್ಲಿ ಅದೇ ಒಂದು ವಿಶೇಷ. ಆ ಕಟ್ಟಡದ ಜನ ಹೊರಗೆ ಹೊರಡುವ ಮುಂಚೆ ಬಾಗಿಲಿಗೆ ಕಿವಿಗೊಟ್ಟು, ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಬಾಗಿಲು ತೆಗೆಯುತ್ತಾರೆ. ಎದುರಾದರೆ ನಮಸ್ಕಾರ ಹೇಳಬೇಕಾಗುತ್ತದಲ್ಲ ಎಂಬ ಸಂಕೋಚ. ನಮ್ಮಲ್ಲಿ ಎದುರುಮನೆಯವರು ಹೊರಡುವ ಸದ್ದು ಕೇಳಿದರೆ, ಎಲ್ಲಿಗೆ ಎಂದು ಕೇಳಲೆಂದೇ ಬಾಗಿಲು ತೆರೆಯುತ್ತೇವೆ. ಅಂಥ ಊರಿನಲ್ಲಿ ಬಾಗಿಲು ತಟ್ಟಿದರೆಂದರೆ ಕಾರಿನ ವಿಷಯ ಕ್ಷಮಿಸಿದ ಹಾಗೆಯೇ. “ಇವತ್ತು ನನ್ನ ಸೌನಾ” ಎಂದರು. “ಬರುತ್ತೀರಾ?”

ಸೌನಾ ಎಂದರೆ ಮರದ ಹಲಗೆಯ ಬಿಸಿಕೋಣೆ. ಮೂಲೆಯಲ್ಲಿ ಕರೆಂಟಿನ ಒಲೆ, ಅದರ ಮೇಲೆ ಕಾದ ಕಲ್ಲುಗಳು. ಕಲ್ಲಿನ ಮೇಲೆ ನೀರು ಸುರಿದರೆ ಬುಸ್ಸೆಂದು ಆವಿ. ನಾನು ಕಾಟನ್ ನೈಟಿ ಹಾಕಿಕೊಂಡು, ಶೀಗೆಪುಡಿಯ ಡಬ್ಬಿ ಹಿಡಿದು ಇಳಿದೆ. ಅಲ್ಲಿಯವರು ಹುಟ್ಟುಡುಗೆಯಲ್ಲಿ ಕೂರುತ್ತಾರೆ ಎಂದು ಬಾಗಿಲಲ್ಲಿ ಗೊತ್ತಾಯಿತು. ನಮ್ಮಿಬ್ಬರ ನಡುವೆ ಮಾತುಕತೆಯಾಗಿ ಒಂದು ದೊಡ್ಡ ಟವೆಲ್ಲಿಗೆ ರಾಜಿಯಾಯಿತು. ಆಮೇಲೆ ಐನೋ ಎಲೆಯಿರುವ ಬರ್ಚ್ ಮರದ ಕೊಂಬೆಗಳ ಕಟ್ಟು ಹಿಡಿದು ಮೈಗೆ ಬಡಿದುಕೊಳ್ಳತೊಡಗಿದರು. ನಮ್ಮೂರಿನಲ್ಲಿ ದೆವ್ವ ಬಿಡಿಸುವವರು ಬೇವಿನ ಸೊಪ್ಪು ಹಿಡಿಯುವುದು ನೆನಪಾಗಿ ಸ್ವಲ್ಪ ದೂರ ಸರಿದು ಕುಳಿತೆ. ಆದರೆ ನಿಜ ಹೇಳಬೇಕೆಂದರೆ, ಆ ಕಾವಿಗೆ ನನ್ನ ಮಂಡಿ ಎಷ್ಟೋ ದಿನಗಳ ಮೇಲೆ ಸಡಿಲವಾಯಿತು. ಬಚ್ಚಲೊಲೆಯ ಮುಂದೆ ಅವ್ವ ಎಣ್ಣೆ ತಿಕ್ಕುತ್ತಿದ್ದ ದಿನಗಳು ನೆನಪಾಗಿ ಕಣ್ಣು ತುಂಬಿತು. ಆವಿಯಲ್ಲಿ ಅದು ಕಾಣುವುದಿಲ್ಲ.

“ನಿಮ್ಮ ಸೌನಾ ಅಂದಿರಲ್ಲ, ಇದು ಕಟ್ಟಡದವರದಲ್ಲವೇ?” ಎಂದು ಕೇಳಿದೆ.

“ಕಟ್ಟಡದ್ದೇ. ವಾರಕ್ಕೊಮ್ಮೆ ಮನೆಗೊಂದು ಹೊತ್ತು. ಗುರುವಾರ ಸಂಜೆ ನನ್ನದು.” ಈ ಮಾತನ್ನು ಅವರು ಹೇಳಿದ ರೀತಿಯಲ್ಲಿ ಜಮೀನಿನ ಖಾತೆ ತಮ್ಮ ಹೆಸರಿಗಾದವರ ಹೆಮ್ಮೆ ಇತ್ತು. “ಇದು ಸಿಗಲು ಎಷ್ಟೋ ವರ್ಷ ಕಾದಿದ್ದೇನೆ. ಅಲ್ಲಿಯವರೆಗೆ ನನಗೆ ಕೊಟ್ಟಿದ್ದದ್ದು ಮಂಗಳವಾರ ಮಧ್ಯಾಹ್ನ. ಕಚೇರಿಯಿಂದ ಸುಳ್ಳು ಹೇಳಿ ಓಡಿ ಬರುತ್ತಿದ್ದೆ. ಮಗನಿಗೆ ಶಾಲೆ, ಗಂಡನಿಗೆ ಕೆಲಸ. ಒಬ್ಬಳೇ ಕೂತು ಬೆವರಿ ಮತ್ತೆ ಓಡುತ್ತಿದ್ದೆ.”

“ಮಂಗಳವಾರ ಮಧ್ಯಾಹ್ನ ನಿಮಗೆ ಇಷ್ಟವಿತ್ತೇ?”

“ಇಷ್ಟವೇ!” ಐನೋ ಮೊದಲ ಸಲ ದನಿ ಎತ್ತರಿಸಿದರು. “ಯಾರಿಗೆ ಇಷ್ಟವಾಗುತ್ತದೆ? ಕೊಟ್ಟಿದ್ದೇ ಅದು. ಬಿಟ್ಟರೆ ಅದೂ ಇಲ್ಲ.”

ಈ ಮಾತನ್ನು ನಾನು ಕೇಳಿದ್ದೆ. ಪಂಚನಹಳ್ಳಿಯಲ್ಲಿ, ಇದೇ ಸಿಟ್ಟಿನಲ್ಲಿ, ಬೇರೆ ಭಾಷೆಯಲ್ಲಿ.

“ಆಗ ನಾನು ಬಂದು ನಿಮ್ಮ ಕಟ್ಟಡದ ಮೀಟರು ನೋಡಿದ್ದರೆ, ಈ ಮನೆಯವರಿಗೆ ಮಂಗಳವಾರ ಮಧ್ಯಾಹ್ನವೇ ಬಿಸಿಕೋಣೆ ಬೇಕು ಎಂದು ಬರೆದುಕೊಂಡು ಹೋಗುತ್ತಿದ್ದೆ” ಎಂದೆ.

ಐನೋ ಕಲ್ಲಿನ ಮೇಲೆ ನೀರು ಸುರಿಯಲು ಸೌಟು ಎತ್ತಿದ್ದವರು ಹಾಗೆಯೇ ಹಿಡಿದು ಕುಳಿತರು. ಆಮೇಲೆ ಕೇಳಿದರು, “ನಿಮ್ಮ ಆ ರಾತ್ರಿಯ ಗುಡ್ಡ?”

“ಅದೂ ಕೊಟ್ಟ ಹೊತ್ತು.” ಪಾಳಿ, ಆಟೋ ಸ್ಟಾರ್ಟರು, ವಾಲ್ವು, ಅಕ್ಕನ ಮುಂಗೈ, ಎಲ್ಲವನ್ನೂ ಬೆವರುತ್ತಾ ಹೇಳಿದೆ.

“ನಾಳೆ ಸಭೆಯಲ್ಲಿ ಇದನ್ನು ನೀವೇ ಹೇಳಬೇಕು” ಎಂದರು. “ನಾನು ಹೇಳಿದರೆ ನನ್ನ ಊಹೆಯಾಗುತ್ತದೆ. ನೀವು ಹೇಳಿದರೆ ನಿಮ್ಮ ದೇಶದ ಮಾತಾಗುತ್ತದೆ.”

ಮತ್ತೆ ಸಭೆಯ ಕೋಣೆ

ಹೇಳಿದೆ. ಧೈರ್ಯದಿಂದಲ್ಲ, ಸುಸ್ತಿನಿಂದ. ಇನ್ನೊಂದು ಸಲ ಸುಮ್ಮನಿರಲು ಬೇಕಾದ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಶಿವಮೂರ್ತಪ್ಪನವರು ಬೂಟಿನಿಂದ ಒತ್ತಿದರು. ನಾನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಮಾತು ಮುಂದುವರಿಸಿದೆ. ಗೋಡೆಯ ಮೇಲಿನ ಗುಡ್ಡವನ್ನು ತೋರಿಸಿ, ಇದು ಜನರ ಬೇಡಿಕೆಯಲ್ಲ, ನಾವು ಸ್ವಿಚ್ಚು ಒತ್ತಿದ ಹೊತ್ತು ಎಂದೆ.

ಯಾರೂ ಜಗಳವಾಡಲಿಲ್ಲ. ಐನೋ ಒಂದೇ ಪ್ರಶ್ನೆ ಕೇಳಿದರು. ಅದು ನ್ಯಾಯವಾದ ಪ್ರಶ್ನೆ, ಅದಕ್ಕೇ ನನಗೆ ಕಷ್ಟವಾಯಿತು.

“ಸರಿ. ಹಾಗಾದರೆ ಅವರಿಗೆ ನಿಜವಾಗಿ ಯಾವಾಗ ಬೇಕು?”

ಇಷ್ಟು ವರ್ಷದ ಕೆಲಸದಲ್ಲಿ ಎಷ್ಟೋ ಊರಿಗೆ ಫೀಡರ್ ಲೈನು ಎಳೆದಿದ್ದೇನೆ, ಎಷ್ಟೋ ಸಾವಿರ ಪಂಪ್‌ಸೆಟ್ಟಿನ ಲೆಕ್ಕ ಬರೆದಿದ್ದೇನೆ. ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಯಾರಿಗೂ ಕೇಳಿದ್ದು ನನಗೆ ನೆನಪಿಲ್ಲ. ಶಿವಮೂರ್ತಪ್ಪನವರ ಕಡೆ ನೋಡಿದೆ. ಅವರು ಪೆನ್ನಿನ ಕ್ಯಾಪು ನೋಡುತ್ತಿದ್ದರು. ಹತ್ತು ನಿಮಿಷ ಬಿಡುವು ಕೇಳಿ ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದೆ.

“ಅಕ್ಕ, ತೋಟಕ್ಕೆ ತ್ರೀ ಫೇಸ್ ಯಾವ ಹೊತ್ನಲ್ಲಿ ಬೇಕು ನಿಂಗೆ?”

“ಯಾವಾಗ ಕೊಡ್ತಾರಂತೆ?”

“ಕೊಡೋದಲ್ಲ ಕಣಕ್ಕ. ನಿಂಗೆ ಯಾವಾಗ ಬೇಕು?”

“ಪಾಳಿ ಬದ್ಲಾಯಿಸ್ತಾರಾ? ಮುಂದಿನ ವಾರನೂ ರಾತ್ರಿನೇನಾ?”

“ಅಕ್ಕ, ಪಾಳಿ ಮರ್ತ್‌ಬಿಡು. ನಿನ್ನಿಷ್ಟದ ಹೊತ್ತು ಯಾವ್ದು ಹೇಳು.”

ಅಕ್ಕನಿಗೆ ರೇಗಿತು. “ನನ್ನಿಷ್ಟ ಕಟ್ಕೊಂಡು ಯಾರಿಗೇನಾಗ್ಬೇಕು? ನಾ ಕೇಳಿದ್ರೆ ಕೊಟ್ಬಿಡ್ತಾರಾ? ತಮಾಷೆ ಮಾಡಕ್ಕೆ ಅಲ್ಲಿಂದ ಫೋನ್ ಮಾಡ್ತೀಯಲ್ಲ ನೀನು. ಕಾಯಿ ಸುಲಿಯೋರು ಬಂದವ್ರೆ, ಇಡು.”

ಒಳಗೆ ಹೋಗಿ, ಕೇಳಿಕೊಂಡು ಬರಬೇಕು, ಸಮಯ ಕೊಡಿ ಎಂದೆ. ಐನೋ ಎದ್ದು ಹೋಗಿ ತೊಟ್ಟಿಯ ಮೇಲಿದ್ದ ಕೆಂಪು ಗೆರೆಯನ್ನು ಒರೆಸಿದರು. ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅಂದು ಯಾರೂ ಸಹಿ ಹಾಕಲಿಲ್ಲ. ಉತ್ತರ ತಲುಪುವವರೆಗೆ ತೊಟ್ಟಿ ಯೋಜನೆಯಲ್ಲೇ ಇರುತ್ತದೆ, ಆದರೆ ಮಳೆಗಾಲದೊಳಗೆ ತಲುಪಬೇಕು, ಇಲ್ಲದಿದ್ದರೆ ಹಳೆಯ ಗೆರೆಯೇ ಗಟ್ಟಿ ಎಂದರು.

ವಿಮಾನ ನಿಲ್ದಾಣ

ಶಿವಮೂರ್ತಪ್ಪನವರು ಮುಖ ಊದಿಸಿಕೊಂಡು ರೈಲಿನುದ್ದಕ್ಕೂ ಕಿಟಕಿ ನೋಡಿದರು. ಕಿಟಕಿಯ ಆಚೆ ಕತ್ತಲು ಬಿಟ್ಟರೆ ಏನೂ ಇರಲಿಲ್ಲ. ವಿಮಾನಕ್ಕೆ ಕಾಯುತ್ತಾ ಕುಳಿತಾಗ ಬಾಯಿಬಿಟ್ಟರು.

“ನಿಮ್ಮಕ್ಕ ಒಬ್ರನ್ನ ಇಟ್ಕೊಂಡು ಇಡೀ ಪ್ಲಾನೇ ನಿಲ್ಲಿಸ್‌ಬಿಟ್ರಲ್ರೀ.”

“ಅಕ್ಕ ಒಬ್ಳೇ ಆಗಿದ್ರೆ ಅಷ್ಟು ದೊಡ್ಡ ಗುಡ್ಡ ಎಲ್ಲಿಂದ ಬರ್ತಿತ್ತು ಸಾರ್?”

ಅವರು ಚೀಲದಿಂದ ಉಳಿದ ಚಟ್ನಿಪುಡಿ ತೆಗೆದು ಕಾಗದದ ತಟ್ಟೆಯಲ್ಲಿ ನನಗೂ ಹಾಕಿದರು. “ನಾನು ರಿಟೈರಾಗಿ ಮನೇಗೋಗ್ತೀನಿ, ಕೇಳೋ ಕೆಲ್ಸ ನಿಮ್ದೇ. ಓಡಾಡಿ ಈಗ” ಎಂದರು. ಮಾತಿನಲ್ಲಿ ಕೋಪಕ್ಕಿಂತ ದಣಿವೇ ಹೆಚ್ಚಿತ್ತು.

ಅಜ್ಜಂಪುರ, ತರೀಕೆರೆ, ಪಂಚನಹಳ್ಳಿ

ಹಾಗೆ ಪರದೇಶದ ಪ್ರವಾಸದ ಕೊನೆಯ ಭಾಗ ನಮ್ಮ ಬಸ್ಸುಗಳಲ್ಲಿ ನಡೆಯಿತು. ಅಜ್ಜಂಪುರದ ಸ್ಟೇಷನ್ನಿನಲ್ಲಿ ಇಳಿದು ಸುತ್ತಲಿನ ತೋಟಗಳಿಗೆ ಹೋದೆ. ತರೀಕೆರೆಯ ಕಡೆ ಹೋದೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳಿದೆ, ಎಲ್ಲರೂ ಒಂದೇ ಉತ್ತರ ಕೊಟ್ಟರು: “ಯಾವಾಗ ಕೊಡ್ತಾರಂತೆ ಮೇಡಂ?” ಬಿಡಿಸಿ ಹೇಳಿದರೆ, ಇದರಲ್ಲೇನೋ ಮಸಲತ್ತಿದೆ, ಮೀಟರು ಹಾಕಲು ಬಂದಿದ್ದಾರೆ ಎಂದುಕೊಂಡು ಮಜ್ಜಿಗೆ ಕೊಟ್ಟು ಸಾಗಹಾಕಿದರು. ಐನೋ ಎದುರು ಅಷ್ಟು ಮಾತಾಡಿ ಬಂದವಳು ನಾನು. ಬೇಕು ಎಂಬ ಒಂದು ಮಾತನ್ನು ನಮ್ಮ ಜನರ ಬಾಯಿಂದ ಹೊರಡಿಸಲಾರದೆ ಸೋತೆ. ಬೇಜಾರಾಯಿತು, ಅವರ ಮೇಲಲ್ಲ. ಕೇಳಿ ಪ್ರಯೋಜನವಿಲ್ಲ ಎಂಬುದನ್ನು ಅವರಿಗೆ ಇಷ್ಟು ಚೆನ್ನಾಗಿ ಕಲಿಸಿದವರು ನಾವೇ.

ಕೊನೆಗೆ ಪಂಚನಹಳ್ಳಿ. ಅಕ್ಕ ತೆಂಗಿನ ಗರಿ ಸೀಳುತ್ತಾ ಕುಳಿತಿದ್ದಳು. ಅವಳ ಬಲಗೈ ಕತ್ತಿಯನ್ನು ಪೂರ್ತಿ ಮುಚ್ಚಿ ಹಿಡಿಯುವುದಿಲ್ಲ ಎಂಬುದನ್ನು ನಾನು ಅಂದೇ ಗಮನಿಸಿದ್ದು. ಫಿನ್ಲೆಂಡಿನಿಂದ ತಂದ ಉಣ್ಣೆಯ ಕೈಗವಸುಗಳನ್ನು ಕೊಟ್ಟೆ. ಹಾಕಿಕೊಂಡು ನೋಡಿ, ಇದು ಹಾಕ್ಕೊಂಡ್ರೆ ವಾಲು ಜಾರ್ತದೆ ಎಂದು ಐದು ಬೆರಳನ್ನೂ ಆಡಿಸಿದಳು. ಐನೋ ಕಥೆ ಹೇಳಿದೆ. ಮಂಗಳವಾರ ಮಧ್ಯಾಹ್ನ ಓಡಿ ಬಂದು ಒಬ್ಬಳೇ ಬೆವರುತ್ತಿದ್ದ ಹೆಂಗಸಿನ ವಿಷಯ ಕೇಳಿ ಅಕ್ಕ ಕತ್ತಿ ಕೆಳಗಿಟ್ಟಳು.

“ಪಾಪ. ಅವ್ಳಿಗೂ ಪಾಳೀನಾ?”

“ಅವ್ಳಿಗೂ. ಕಾದೂ ಕಾದೂ ಕೊನೇಗೆ ಬೇಕಾದ ಹೊತ್ತು ಸಿಕ್ತು.”

ಅಕ್ಕ ತೋಟದ ಕಡೆ ನೋಡಿದಳು.

“ಬೇಕಾದ್ ಹೊತ್ತು ಅಂದ್ರೆ, ನಂಗೆ ಬೇಕಾದ್ ಹೊತ್ತೇನೇ?”

“ಹೂಂ ಕಣಕ್ಕ.”

“ಎಂಟು ಗಂಟೆ” ಎಂದಳು, ಯಾರಾದರೂ ಕೇಳಿಸಿಕೊಂಡಾರು ಎನ್ನುವಂತೆ ದನಿ ತಗ್ಗಿಸಿ. “ಬೆಳಿಗ್ಗೆ. ನಿಮ್ಮ ಭಾವಂಗೆ ತಿಂಡಿ ಕೊಟ್‌ಬಿಟ್ಟು ಹೋಗ್ತೀನಿ.”

ಬರೆದುಕೊಂಡೆ. ಮೂರು ತಾಲ್ಲೂಕು ತಿರುಗಿ ಸಿಕ್ಕಿದ ಮೊದಲ ಉತ್ತರ ಅದು.

ಬಸ್ಸು ಕಡೂರು ಮುಟ್ಟುವ ಮುಂಚೆ ಫೋನು ಬಂತು.

“ಲೇ ವನಜಾ, ಎಂಟು ಬ್ಯಾಡ. ಏಳಕ್ಕೆ ಮಾಡ್ಸು. ಬಿಸ್ಲೇರೋದ್ರೊಳಗೆ ಮುಗೀಲಿ.”

“ಸರಿ ಅಕ್ಕ, ಏಳು.”

ಫೋನು ಇಟ್ಟು ಸ್ವಲ್ಪ ಹೊತ್ತಿಗೆ ಮತ್ತೆ ಬಂತು. “ಏಳು ಅಂದ್ರೆ ಹಾಲು ಕರೆಯೋ ಹೊತ್ತು ಕಣೇ. ಏಳೂವರೆ ಆಗ್ತದಾ ಕೇಳು ಅವ್ರನ್ನ. ಪಕ್ಕದ ತೋಟದ ರತ್ನಮ್ಮಂಗೂ ಹೇಳ್ದೆ, ಅವ್ಳು ಹತ್ತು ಗಂಟೆ ಅಂತಾವ್ಳೆ, ಅವ್ಳದ್ದೂ ಬರ್ಕೋ.”

“ಬರ್ಕೊಂಡೆ ಅಕ್ಕ.”

“ಈಗ್ಲೇ ಕಳಿಸ್‌ಬ್ಯಾಡ. ಇನ್ನೊಂದ್ಸಲ ಚೆನ್ನಾಗಿ ಯೋಚ್ನೆ ಮಾಡಿ ಹೇಳ್ತೀನಿ” ಎಂದಳು ಅಕ್ಕ. “ಈಗ ಇಡ್ತೀನಿ ಕಣೇ. ರಾತ್ರಿ ಪಾಳಿ ಐತೆ, ಒಸಿ ಮಲಗ್ಬೇಕು.”